ಪಾಸ್‌ಬುಕ್ಕಿನಲ್ಲಿ ಅವಳ ಹೆಸರು, ಫೋನ್ ನಂಬರ್ ಬೇರೆಯವರದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ವಾಚನಾಲಯ ಇದೆ. ಅಲ್ಲಿ ಶನಿವಾರ ಮಧ್ಯಾಹ್ನ ಪ್ಲಸ್ ಟು, ಡಿಗ್ರಿ ಓದುವ ಹುಡುಗಿಯರ ಜೊತೆ ಕೂತು ದುಡ್ಡಿನ ವಿಷಯ ಮಾತಾಡುತ್ತೇನೆ. ಮೊದಲ ದಿನ ಮೂರು ಪ್ರಶ್ನೆ ಕೇಳಿದ್ದೆ. ನಿಮ್ಮ ಹೆಸರಲ್ಲಿ ಬ್ಯಾಂಕ್ ಖಾತೆ ಇದೆಯಾ? ಎಲ್ಲರ ಕೈ ಮೇಲೆ. ಸ್ಕಾಲರ್‌ಶಿಪ್‌ಗೆ ಖಾತೆ ಬೇಕೇ ಬೇಕು, ಹಾಗಾಗಿ ಎಲ್ಲರಿಗೂ ಇದೆ. ಈಗ ಅದರಲ್ಲಿ ಎಷ್ಟು ದುಡ್ಡಿದೆ? ನಾಲ್ಕೈದು ಕೈ ಉಳಿಯಿತು. ಆ ಖಾತೆಗೆ ಕೊಟ್ಟಿರುವ ಫೋನ್ ನಂಬರ್ ಯಾರದ್ದು? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ ಹೇಳಿದರು. ಅಪ್ಪಂದು, ಅಣ್ಣಂದು, ಮಾವಂದು, ಗಲ್ಫ್‌ನಲ್ಲಿರುವ ಚಿಕ್ಕಪ್ಪಂದು. ನನ್ನದೇ ನಂಬರ್ ಅಂದವರು ಇಬ್ಬರು.

ಒಟಿಪಿ ಯಾರ ಫೋನಿಗೆ ಬರುತ್ತದೋ ಖಾತೆ ನಡೆಸುವವರು ಅವರೇ. ಪಾಸ್‌ಬುಕ್ಕಿನ ಮೇಲೆ ಯಾರ ಹೆಸರಿದ್ದರೂ ಅಷ್ಟೇ. ಹುಡುಗಿಯರಿಗೆ ಹಣಕಾಸಿನ ಪಾಠ ಅಂತ ನಾವು ಏನನ್ನು ಕರೆಯುತ್ತಿದ್ದೇವೋ ಅದು ಈ ಜಾಗವನ್ನೇ ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತಿದೆ ಅಂತ ನನಗೆ ಅನಿಸುವುದು ಇದಕ್ಕೇ.

ಪಾಠ ಬೇಕು ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ರಿಸರ್ವ್ ಬ್ಯಾಂಕ್ ಪ್ರತಿ ವರ್ಷ ಹಣಕಾಸು ಸಾಕ್ಷರತಾ ಸಪ್ತಾಹ ಮಾಡುತ್ತದೆ. 2025ರ ಫೆಬ್ರವರಿ ಕೊನೆಯ ವಾರದ ಸಪ್ತಾಹದ ವಿಷಯವೇ ಮಹಿಳೆಯರ ಸಮೃದ್ಧಿ ಅಂತ ಇತ್ತು. 2019ರಲ್ಲಿ ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರ ದೇಶದ ತುಂಬ ಸಮೀಕ್ಷೆ ಮಾಡಿದಾಗ ದೊಡ್ಡವರಲ್ಲಿ ನೂರಕ್ಕೆ 27 ಜನರಿಗೆ ಮಾತ್ರ ಸಾಕಷ್ಟು ಹಣಕಾಸಿನ ತಿಳುವಳಿಕೆ ಇದೆ ಅಂತ ಗೊತ್ತಾಯಿತು. ಗಂಡಸರಲ್ಲಿ 29, ಹೆಂಗಸರಲ್ಲಿ 21. ಈ ಅಂತರವನ್ನು ತುಂಬಬೇಕು ಅಂತ ಬ್ಯಾಂಕಿನವರು, ಪಂಚಾಯತಿನವರು, ಕಾಲೇಜಿನವರು ತರಗತಿ ಇಡುತ್ತಾರೆ. ಒಳ್ಳೆಯದೇ. ಆದರೆ ಆ ತರಗತಿಗಳಲ್ಲಿ ಕೂತರೆ ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ಹೋಗುವುದು ಒಂದೇ ಮಾತಿಗೆ: ಉಳಿಸಿ, ಉಳಿತಾಯ ಮಾಡಿ, ಸಣ್ಣದರಿಂದ ಶುರು ಮಾಡಿ.

ನಮ್ಮೂರ ಹೆಂಗಸರಿಗೆ ಉಳಿಸುವುದನ್ನು ಹೇಳಿಕೊಡಬೇಕಾ? ಕೇರಳದಲ್ಲಿ ಕುಟುಂಬಶ್ರೀ, ಅಂದರೆ ಹೆಂಗಸರ ಸ್ವಸಹಾಯ ಗುಂಪುಗಳ ಸರಕಾರಿ ಯೋಜನೆ, ಶುರುವಾದದ್ದು 1998ರಲ್ಲಿ. ಈಗ ರಾಜ್ಯದಲ್ಲಿ ನಲವತ್ತು ಲಕ್ಷಕ್ಕೂ ಜಾಸ್ತಿ ಸದಸ್ಯೆಯರಿದ್ದಾರೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ವಾರ್ಡಿಗೆ ಹೋದರೂ ವಾರಕ್ಕೊಮ್ಮೆ ಅಯಲ್‌ಕೂಟ್ಟಂ, ಅಂದರೆ ನೆರೆಕರೆಯ ಹೆಂಗಸರ ಗುಂಪು, ಸೇರುತ್ತದೆ, ಹತ್ತಿಪ್ಪತ್ತು ರೂಪಾಯಿಯ ಲೆಕ್ಕ ಬರೆದಿಡುತ್ತಾರೆ. ಬೀಡಿ ಕಟ್ಟಿ, ಹಾಲು ಮಾರಿ, ಗೇರುಬೀಜ ಹೆಕ್ಕಿ, ಅಡಿಕೆ ಸುಲಿದು ಬಂದ ಕಾಸನ್ನು ಡಬ್ಬಿಗೆ ಹಾಕಿ ಮಕ್ಕಳ ಫೀಸು ಕಟ್ಟಿದ ಅಮ್ಮಂದಿರ ಮಕ್ಕಳೇ ನನ್ನ ಎದುರು ಕೂತಿರುವುದು. ಅವರಿಗೆ ಉಳಿತಾಯದ ಬಗ್ಗೆ ಭಾಷಣ ಮಾಡಲು ನನಗೆ ನಾಚಿಕೆ ಆಗುತ್ತದೆ. ಇವರಲ್ಲಿ ಕೊರತೆ ಇರುವುದು ಬೇರೆ ಕಡೆ. ಕಾಗದ ಓದುವುದರಲ್ಲಿ, ಪ್ರಶ್ನೆ ಕೇಳುವುದರಲ್ಲಿ, ಮತ್ತೆ ಕೊನೆಯ ಮಾತು ಯಾರದ್ದು ಅನ್ನುವುದರಲ್ಲಿ.

ಇದು ಹೊಸದೇನೂ ಅಲ್ಲ. ತುಳುನಾಡಿನ ಈ ಭಾಗದಲ್ಲಿ ಬಂಟರು, ಬಿಲ್ಲವರು ಮುಂತಾದ ಸಮುದಾಯಗಳಲ್ಲಿ ಅಳಿಯಕಟ್ಟು ಇತ್ತು, ಆಸ್ತಿ ಹೆಣ್ಣಿನ ಸಂತಾನದಲ್ಲಿ ಇಳಿದು ಬರುತ್ತಿತ್ತು. ಹೊರಗಿನವರಿಗೆ ಹೇಳುವಾಗ ನಾವು ಇದನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಗೇಣಿ ಲೆಕ್ಕ, ಮಾರಾಟ, ಸಾಲ ಎಲ್ಲ ನೋಡಿಕೊಳ್ಳುತ್ತಿದ್ದದ್ದು ಹೆಚ್ಚಿನ ಮನೆಗಳಲ್ಲಿ ಯಜಮಾನ, ಅಂದರೆ ಸೋದರಮಾವ. ಯಜಮಾನ್ತಿ ಆದ ಹೆಂಗಸರು ಇದ್ದರು, ಆದರೆ ಕಡಿಮೆ. 1976ರ ಕೊನೆಗೆ ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡುವ ಕಾಯ್ದೆ ಜಾರಿಗೆ ಬಂತು, ಎಲ್ಲರಿಗೂ ಅವರವರ ಪಾಲು ಅಂತ ಆಯಿತು. ಕಾಗದದಲ್ಲಿ ಹೆಣ್ಣಿನ ಹೆಸರು, ಕೀಲಿಕೈ ಗಂಡಸಿನ ಸೊಂಟದಲ್ಲಿ ಅನ್ನುವ ಅಭ್ಯಾಸ ಮಾತ್ರ ಹಾಗೇ ಉಳಿಯಿತು. ರೇಷನ್ ಕಾರ್ಡ್ ನೋಡಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯಲ್ಲಿ 18 ದಾಟಿದ ಹೆಂಗಸರಲ್ಲಿ ಹಿರಿಯವಳೇ ಮನೆಯ ಮುಖ್ಯಸ್ಥೆ. ಕಾರ್ಡಿನಲ್ಲಿ ಅಜ್ಜಿಯ ಫೋಟೋ ಇದೆ. ಆ ಅಜ್ಜಿಯನ್ನು ಕೇಳದೆ ಅವಳ ಬಳೆ ಅಡವಿಟ್ಟ ಮನೆಗಳೂ ನನಗೆ ಗೊತ್ತು.

ಬಳೆ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಇಲ್ಲಿ ಹುಡುಗಿಯ ಹೆಸರಲ್ಲಿ ಇರುವ ಅತಿ ದೊಡ್ಡ ಸೊತ್ತು ಅಂದರೆ ಚಿನ್ನ, ಜಾತಿ ಧರ್ಮ ಯಾವುದಾದರೂ. ಮದುವೆ ಮಾತುಕತೆಯಲ್ಲಿ ಎಷ್ಟು ಪವನ್ ಅನ್ನುವುದು ಮೊದಲ ಪ್ರಶ್ನೆ ಆಗಿರುತ್ತದೆ, ಬಾಯಿ ಬಿಟ್ಟು ಕೇಳದಿದ್ದರೂ. ಒಂದು ಪವನ್ ಅಂದರೆ 8 ಗ್ರಾಂ, ಇದು ಎಲ್ಲ ಹುಡುಗಿಯರಿಗೂ ಗೊತ್ತು. ಬಿಲ್ಲು ಓದಲು ಬರುತ್ತದಾ ಅಂತ ಕೇಳಿದರೆ ಇಲ್ಲ. ನಾವು ಒಂದು ಶನಿವಾರ ಪೂರ್ತಿ ಅದನ್ನೇ ಮಾಡಿದೆವು. 100 ರೂಪಾಯಿ ಬೆಲೆಯ ಚಿನ್ನಕ್ಕೆ ಕೂಲಿ ಶೇಕಡಾ 15 ಅಂತ ಇಟ್ಟುಕೊಳ್ಳಿ, 115 ಆಯಿತು. ಅದರ ಮೇಲೆ 3 ಶೇಕಡಾ ಜಿಎಸ್‌ಟಿ, 118 ರೂಪಾಯಿ 45 ಪೈಸೆ. ಮರುದಿನವೇ ಮಾರಲು ಹೋದರೆ ಕೈಗೆ ಬರುವುದು ಹೆಚ್ಚೆಂದರೆ 100. ಕಲ್ಲು ಇರುವ ಒಡವೆ ಆದರೆ ಕಲ್ಲಿನ ತೂಕವನ್ನು ಕಳೆದು ಕೊಡುತ್ತಾರೆ. ಚಿನ್ನ ಕಷ್ಟಕಾಲಕ್ಕೆ ಆಗುತ್ತದೆ ಅಂತ ಅಮ್ಮಂದಿರು ಹೇಳುವುದು ಸುಳ್ಳಲ್ಲ, ಆಗಿದೆ ಕೂಡ. ಆದರೆ ನೂರಾ ಹದಿನೆಂಟು ಕೊಟ್ಟು ನೂರು ಇಟ್ಟುಕೊಂಡಿದ್ದೇವೆ ಅನ್ನುವ ಲೆಕ್ಕ ಗೊತ್ತಿದ್ದರೆ, ಕೂಲಿ ಕಡಿಮೆ ಇರುವ ಸಾದಾ ಬಳೆ ತೆಗೆದುಕೊಳ್ಳೋಣ ಅಂತ ಹುಡುಗಿಯೇ ಅಂಗಡಿಯಲ್ಲಿ ಹೇಳಬಹುದು. ಒಡವೆಯ ಮೇಲೆ ಆರು ಅಕ್ಷರ-ಅಂಕೆಗಳ ಎಚ್‌ಯುಐಡಿ, ಅಂದರೆ ಆ ಒಡವೆಗೇ ಸೇರಿದ ಗುರುತಿನ ನಂಬರ್, ಇದೆಯಾ ಅಂತಲೂ ನೋಡಬಹುದು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮಾರುವಾಗ ಅದು ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರು ಅಕ್ಷರ ಹಾಕಿದರೆ ಒಡವೆಯ ವಿವರ ಬರುತ್ತದೆ.

ಆಮೇಲಿನ ಪ್ರಶ್ನೆ, ಆ ಚಿನ್ನ ಯಾರದ್ದು? 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಒಂದು ಕೇಸು ನಮ್ಮ ಕೇರಳದ್ದೇ. ಮದುವೆಯಲ್ಲಿ ತವರಿನವರು ಹಾಕಿದ್ದು 89 ಪವನ್. ಮೊದಲ ರಾತ್ರಿಯೇ ಗಂಡ ಅದನ್ನೆಲ್ಲ ತೆಗೆದುಕೊಂಡು, ಜೋಪಾನವಾಗಿ ಇಡುತ್ತೇನೆ ಅಂತ ತನ್ನ ಅಮ್ಮನ ಕೈಗೆ ಕೊಟ್ಟ, ಅದು ಅವರ ಸಾಲ ತೀರಿಸಲು ಹೋಯಿತು ಅಂತ ಆಕೆಯ ದೂರು. ಕೌಟುಂಬಿಕ ನ್ಯಾಯಾಲಯದಲ್ಲಿ ಗೆದ್ದಳು, ಹೈಕೋರ್ಟಿನಲ್ಲಿ ಸೋತಳು, ಕೊನೆಗೆ ಸುಪ್ರೀಂ ಕೋರ್ಟ್ ಆಕೆಗೆ 25 ಲಕ್ಷ ಕೊಡಿಸಿತು. ಸ್ತ್ರೀಧನದ ಮೇಲೆ ಗಂಡನಿಗೆ ಹಕ್ಕಿಲ್ಲ, ಕಷ್ಟಕ್ಕೆ ಬಳಸಿಕೊಂಡರೂ ತಿರುಗಿ ಕೊಡಲೇಬೇಕು ಅಂತ ಕೋರ್ಟ್ ಹೇಳಿತು. ಈ ಕಥೆ ಹೇಳಿದಾಗ ಹುಡುಗಿಯರು ನೆಟ್ಟಗೆ ಕೂತರು. ಉಳಿತಾಯದ ಪಾಠದಲ್ಲಿ ಆಕಳಿಸುತ್ತಿದ್ದವರು ಇವರೇ. ಒಬ್ಬಳು ಕೇಳಿದಳು, "ಟೀಚರ್, ಹಾಗಾದ್ರೆ ಬಿಲ್ ಯಾರ ಹೆಸರಲ್ಲಿ ಇರಬೇಕು?" ಬಿಲ್ಲು, ಒಡವೆಯ ಪಟ್ಟಿ, ಫೋಟೋ, ಮತ್ತೆ ಲಾಕರ್ ಇದ್ದರೆ ಅದು ಅವಳ ಹೆಸರಲ್ಲಿ. ಈ ನಾಲ್ಕು ಇದ್ದರೆ ಎಷ್ಟೋ ವರ್ಷದ ಕೋರ್ಟ್ ಅಲೆದಾಟ ತಪ್ಪುತ್ತದೆ. ಅಮ್ಮಂದಿರಿಗೆ ಇದು ಅಪಶಕುನದ ಮಾತಿನ ಹಾಗೆ ಕೇಳಿಸುತ್ತದೆ, ಮದುವೆ ಮನೆಯಲ್ಲಿ ಪಟ್ಟಿ ಬರೆಯುವುದಾ ಅಂತ. ಸೋಬಾನೆ ಹೇಳುವ ಮನೆಯಲ್ಲಿ ಮುಯ್ಯಿ ಬಂದದ್ದನ್ನು ಪುಸ್ತಕದಲ್ಲಿ ಬರೆಯುತ್ತೇವೆ, ಅಲ್ವಾ? ಅದೇ ಪುಸ್ತಕದಲ್ಲಿ ಇನ್ನೊಂದು ಪುಟ, ಅಷ್ಟೇ.

ಅಡವಿಡುವ ವಿಷಯದಲ್ಲಿ ಹೊಸ ನಿಯಮಗಳು ಬಂದಿವೆ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ಈ ನಿಯಮಗಳನ್ನು 2026ರ ಏಪ್ರಿಲ್ 1ರಿಂದ ಪಾಲಿಸಬೇಕು. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇಕಡಾ 85ರವರೆಗೆ ಸಾಲ ಕೊಡಬಹುದು, ಅದರ ಮೇಲೆ 5 ಲಕ್ಷದವರೆಗೆ 80, ಅದಕ್ಕಿಂತ ಜಾಸ್ತಿಗೆ 75. ಹೆಚ್ಚು ಸಾಲ ಸಿಗುತ್ತದೆ ಅಂತ ಖುಷಿಪಡುವ ಮೊದಲು ಯೋಚಿಸಬೇಕು. ಬೆಲೆ ಬಿದ್ದರೆ, ಬಡ್ಡಿ ಬೆಳೆದರೆ, ಹರಾಜಿಗೆ ಹೋಗುವುದೂ ಅಷ್ಟೇ ಬೇಗ. ನನಗೆ ಮುಖ್ಯ ಅನಿಸಿದ್ದು ಉಳಿದ ನಿಯಮಗಳು. ಚಿನ್ನ ಪರೀಕ್ಷೆ ಮಾಡುವಾಗ ಸಾಲ ತೆಗೆದುಕೊಳ್ಳುವವರು ಎದುರಿಗೇ ಇರಬೇಕು. ಸಾಲ ಪೂರ್ತಿ ತೀರಿಸಿದ ದಿನವೇ, ಹೆಚ್ಚೆಂದರೆ 7 ಕೆಲಸದ ದಿನಗಳ ಒಳಗೆ, ಒಡವೆ ತಿರುಗಿ ಕೊಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಓದು ಬರಹ ಬಾರದವರಾದರೆ ಷರತ್ತುಗಳನ್ನು ಸಾಕ್ಷಿಯ ಎದುರು ವಿವರಿಸಿ ಹೇಳಬೇಕು. ಅಜ್ಜಿಯ ಜೊತೆ ಬ್ಯಾಂಕಿಗೆ ಹೋಗುವ ಹದಿನೆಂಟರ ಮೊಮ್ಮಗಳಿಗೆ ಇಷ್ಟು ಗೊತ್ತಿದ್ದರೆ ಸಾಕು, ಆ ಕೌಂಟರಿನ ಎದುರು ಅಜ್ಜಿ ಒಬ್ಬಂಟಿ ಅಲ್ಲ.

ಬಡ್ಡಿಯ ಮಾತಿಗೆ ಬರುತ್ತೇನೆ. ನಮ್ಮ ಕನ್ನಡ ಮೀಡಿಯಂ ಮಕ್ಕಳು ಸರಳಬಡ್ಡಿ, ಚಕ್ರಬಡ್ಡಿ ಎರಡನ್ನೂ ಗಣಿತದಲ್ಲಿ ಕಲಿತೇ ಬಂದಿರುತ್ತಾರೆ. ಅಸಲು, ದರ, ಅವಧಿ ಕೊಟ್ಟರೆ ಉತ್ತರ ತೆಗೆಯುತ್ತಾರೆ, ಪರೀಕ್ಷೆಯಲ್ಲಿ ಮಾರ್ಕೂ ಬರುತ್ತದೆ. ಆದರೆ ಮನೆಯಲ್ಲಿ ಯಾರೂ ಆ ಭಾಷೆಯಲ್ಲಿ ಮಾತಾಡುವುದಿಲ್ಲ. "ನೂರಕ್ಕೆ ಎರಡು" ಅನ್ನುತ್ತಾರೆ. ಊರಲ್ಲಿ ಕೈಸಾಲ ಕೊಡುವವರ ನೂರಕ್ಕೆ ಎರಡು ಅಂದರೆ ತಿಂಗಳಿಗೆ, ವರ್ಷಕ್ಕೆ 24 ಶೇಕಡಾ. ಬ್ಯಾಂಕಿನವರು 9 ಅಂದರೆ ಅದು ವರ್ಷಕ್ಕೆ. ಎರಡು ಸಣ್ಣದು, ಒಂಬತ್ತು ದೊಡ್ಡದು ಅಂತ ಎರಡನ್ನು ಆರಿಸಿಕೊಂಡ ಒಂದು ಮನೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. 50,000 ರೂಪಾಯಿಗೆ ತಿಂಗಳಿಗೆ ಸಾವಿರದಂತೆ ಕಟ್ಟಿ ಕಟ್ಟಿ, ನಾಲ್ಕು ವರ್ಷದಲ್ಲಿ ಬಡ್ಡಿಯೇ 48,000 ಆಯಿತು. ಅಸಲು ಹಾಗೇ ಕೂತಿತ್ತು.

ಇನ್ನೊಂದು, ಫ್ಲಾಟ್ ರೇಟ್, ಅಂದರೆ ಅಸಲು ತೀರುತ್ತಾ ಬಂದರೂ ಮೊದಲು ಕೊಟ್ಟ ಪೂರ್ತಿ ಸಾಲಕ್ಕೇ ಬಡ್ಡಿ ಹಾಕುವುದು. ಮನೆಬಾಗಿಲಿಗೆ ಬಂದು ಕೊಡುವ ಸಾಲ, ಕಂತಿನಲ್ಲಿ ಕೊಡುವ ಫೋನು, ಮಿಕ್ಸಿ, ಸ್ಕೂಟರ್, ಎಷ್ಟೋ ಕಡೆ ಈ ಲೆಕ್ಕ ಇರುತ್ತದೆ. 12,000 ಸಾಲ, ವರ್ಷಕ್ಕೆ 12 ಶೇಕಡಾ, ಹನ್ನೆರಡು ಕಂತು ಅನ್ನುತ್ತಾರೆ. ಬಡ್ಡಿ 1,440, ಒಟ್ಟು 13,440, ತಿಂಗಳಿಗೆ 1,120. ಸರಿಯಾಗೇ ಕಾಣುತ್ತದೆ. ಆದರೆ ನೀವು ತಿಂಗಳು ತಿಂಗಳು ಅಸಲನ್ನೂ ತೀರಿಸುತ್ತಾ ಬರುತ್ತಿದ್ದೀರಿ. ಮೊದಲ ತಿಂಗಳು 12,000 ನಿಮ್ಮ ಕೈಯಲ್ಲಿತ್ತು, ಎರಡನೇ ತಿಂಗಳು 11,000, ಕೊನೆಯ ತಿಂಗಳು ಒಂದೇ ಸಾವಿರ. ಹನ್ನೆರಡರಿಂದ ಒಂದರವರೆಗೆ ಕೂಡಿಸಿದರೆ 78, ಹನ್ನೆರಡರಿಂದ ಭಾಗಿಸಿದರೆ ಆರೂವರೆ. ಅಂದರೆ ವರ್ಷಪೂರ್ತಿ ಸರಾಸರಿ ನಿಮ್ಮ ಹತ್ತಿರ ಇದ್ದದ್ದು 6,500 ರೂಪಾಯಿ ಮಾತ್ರ, ಬಡ್ಡಿ ಕೊಟ್ಟದ್ದು 1,440. ಹನ್ನೆರಡು ಅಂತ ಹೇಳಿದ ಬಡ್ಡಿ ನಿಜವಾಗಿ 22ರ ಹತ್ತಿರ. ಈ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಮಾಡಿ ಮುಗಿಸುವ ಮೊದಲೇ ಒಬ್ಬಳು ಪುಸ್ತಕದಲ್ಲಿ ಮಾಡಿ ಮುಗಿಸಿದ್ದಳು. ಅವಳಿಗೆ ಅದು ಕಷ್ಟವೇ ಆಗಲಿಲ್ಲ. ಇದನ್ನು ಜೀವನಕ್ಕೆ ಬೇಕಾದ ಲೆಕ್ಕ ಅಂತ ಯಾರೂ ಅವಳ ಮುಂದೆ ಇಟ್ಟಿರಲಿಲ್ಲ, ಅಷ್ಟೇ.

ಈ ಮೋಸದ ಅಂಕೆಗೆ ಒಂದು ಔಷಧಿ ಈಗ ಕಾಗದದಲ್ಲಿ ಇದೆ. ಗಡಿಯಲ್ಲಿರುವ ನಮಗೆ ಇದು ಎಲ್ಲರಿಗಿಂತ ಜಾಸ್ತಿ ಬೇಕಾದದ್ದು. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಜನಸಾಮಾನ್ಯರಿಗೆ ಕಂತಿನ ಸಾಲ ಕೊಡುವಾಗ ಕೆಎಫ್‌ಎಸ್ ಅನ್ನುವ ಒಂದು ಪತ್ರ ಕೊಡಬೇಕು, ಸಾಲದ ಮುಖ್ಯ ವಿಷಯ ಎಲ್ಲ ಒಂದೇ ಕಡೆ ಇರುವ ಪತ್ರ. ಬಡ್ಡಿ, ಪ್ರೊಸೆಸಿಂಗ್ ಫೀಸು, ಇನ್ಶೂರೆನ್ಸ್ ಅಂತ ಹಿಡಿದುಕೊಳ್ಳುವ ದುಡ್ಡು ಎಲ್ಲ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಶೇಕಡಾ ಬೀಳುತ್ತದೆ ಅಂತ ಎಪಿಆರ್ ಹೆಸರಲ್ಲಿ ಅದರಲ್ಲಿ ಬರೆದಿರಬೇಕು. ಅದರಲ್ಲಿ ಇಲ್ಲದ ಫೀಸನ್ನು ನಮ್ಮ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ಏಳು ದಿನ ಅಥವಾ ಅದಕ್ಕಿಂತ ಜಾಸ್ತಿ ಅವಧಿಯ ಸಾಲ ಆದರೆ, ಓದಿ ಯೋಚಿಸಲು ಕಡಿಮೆ ಅಂದರೂ ಮೂರು ಕೆಲಸದ ದಿನ ಕೊಡಬೇಕು. ಆ ಪತ್ರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ.

ಅರ್ಥವಾಗುವ ಭಾಷೆ. ಈ ಮಾತು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ ಬ್ಯಾರಿಯೋ ಮಾತಾಡುತ್ತಾರೆ. ಶಾಲೆಯಲ್ಲಿ ಕನ್ನಡ ಓದುತ್ತಾರೆ. ಬ್ಯಾಂಕಿಗೆ ಹೋದರೆ ಫಾರಂ ಇಂಗ್ಲಿಷ್ ಮತ್ತೆ ಮಲಯಾಳದಲ್ಲಿ. ಬೇರೆ ಜಿಲ್ಲೆಯಿಂದ ವರ್ಗ ಆಗಿ ಬಂದ ಸಿಬ್ಬಂದಿಗೆ ಕನ್ನಡ ಗೊತ್ತಿಲ್ಲ, ಅದು ಅವರ ತಪ್ಪೂ ಅಲ್ಲ. ಹೀಗಾಗಿ ಹತ್ತನೇ ಕ್ಲಾಸಿನಲ್ಲಿ ಎಲ್ಲದಕ್ಕೂ ಎ ಪ್ಲಸ್ ತೆಗೆದ ಹುಡುಗಿ ಕೂಡ ಆ ಕೌಂಟರಿನಲ್ಲಿ ಓದಲು ಬಾರದವಳ ಹಾಗೆ ನಿಲ್ಲುತ್ತಾಳೆ. ಅಣ್ಣನೋ ಏಜೆಂಟೋ ಫಾರಂ ತುಂಬಿ ಕೊಡುತ್ತಾನೆ, ಇಂಟು ಮಾರ್ಕ್ ಹಾಕಿದ ಕಡೆ ಇವಳು ಸಹಿ ಹಾಕುತ್ತಾಳೆ. ಅವಳ ಹಣಕಾಸಿನ ಬದುಕು ಶುರುವಾಗುವುದೇ ಓದದೆ ಸಹಿ ಹಾಕುವುದರಿಂದ. ಇದು ಬರೀ ಭಾಷಾಭಿಮಾನದ ಮಾತಲ್ಲ. ದುಡ್ಡಿನ ಮಾತು.

ಹೆಸರಿನ ತೊಂದರೆ ಕೂಡ ಇದರದ್ದೇ ಭಾಗ. ಕನ್ನಡದಲ್ಲಿ ಬರೆದ ಹೆಸರು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಒಂದು ಕಡೆ ಎಚ್ ಸೇರುತ್ತದೆ, ಇನ್ನೊಂದು ಕಡೆ ಬಿಡುತ್ತದೆ. ಆಧಾರಿನಲ್ಲಿ ಗಂಡನ ಹೆಸರು, ಶಾಲೆಯ ಸರ್ಟಿಫಿಕೇಟಿನಲ್ಲಿ ಅಪ್ಪನ ಇನಿಶಿಯಲ್, ಇನ್ನೆಲ್ಲೋ ಮನೆಹೆಸರು. ಮೂವತ್ತು ವರ್ಷ ಬೀಡಿ ಕಟ್ಟಿದ ಹೆಂಗಸು ಪಿಎಫ್ ಕೇಳಲು ಹೋದಾಗ ಪುಸ್ತಕದ ಹೆಸರಿಗೂ ಆಧಾರಿಗೂ ತಾಳೆ ಆಗುವುದಿಲ್ಲ. ಅವಳ ಸ್ವಂತ ದುಡ್ಡಿಗೆ ಅವಳೇ ತಿಂಗಳುಗಟ್ಟಲೆ ಅಲೆಯಬೇಕು. ನಮ್ಮ ತರಗತಿಯ ಒಂದು ಹುಡುಗಿ ಅಮ್ಮನ ಎಲ್ಲ ಕಾಗದಗಳನ್ನು ಒಂದು ಫೈಲಿಗೆ ಹಾಕಿ ಯಾವುದರಲ್ಲಿ ಹೆಸರು ಹೇಗಿದೆ ಅಂತ ಒಂದು ಹಾಳೆಯಲ್ಲಿ ಬರೆದು ತಂದಳು. ಐದು ಕಾಗದ, ನಾಲ್ಕು ಥರ ಹೆಸರು. ಆ ಹಾಳೆಗಿಂತ ಒಳ್ಳೆಯ ಪಾಠಪುಸ್ತಕ ನನಗೆ ಸಿಕ್ಕಿಲ್ಲ.

ಡೆಪಾಸಿಟ್ ಎಲ್ಲಿ ಇಡುತ್ತೇವೆ ಅನ್ನುವುದರಲ್ಲೂ ನಮ್ಮ ಕಡೆಗೇ ಸೇರಿದ ಒಂದು ಗೊಂದಲ ಇದೆ. ಬ್ಯಾಂಕಿನಲ್ಲಿ ಇಟ್ಟ ದುಡ್ಡಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಡೆಪಾಸಿಟ್ ಇನ್ಶೂರೆನ್ಸ್ ಇದೆ, 2020ರ ಫೆಬ್ರವರಿ ತನಕ ಅದು ಒಂದೇ ಲಕ್ಷ ಇತ್ತು. ಆದರೆ ಊರೂರಿನಲ್ಲಿರುವ ಸರ್ವಿಸ್ ಕೋ-ಆಪರೇಟಿವ್ ಬ್ಯಾಂಕ್‌ಗಳಲ್ಲಿ ಹೆಚ್ಚಿನವು ಕಾನೂನಿನ ಪ್ರಕಾರ ಪ್ರಾಥಮಿಕ ಸಹಕಾರ ಸಂಘಗಳು. ಅವಕ್ಕೆ ಈ ಇನ್ಶೂರೆನ್ಸ್ ಇಲ್ಲ. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಜನರಿಗೆ ಎಚ್ಚರಿಕೆಯಾಗಿಯೇ ಹೇಳಿತು. ಸಂಘ ಕೆಟ್ಟದ್ದು ಅಂತ ಇದರ ಅರ್ಥ ಖಂಡಿತ ಅಲ್ಲ. ನಮ್ಮ ಕೃಷಿಕರು, ಸಣ್ಣ ಅಂಗಡಿಯವರು ಬದುಕಿದ್ದೇ ಸಹಕಾರಿ ಸಂಘಗಳಿಂದ, ಕೇರಳದಲ್ಲಿ ಅವಕ್ಕೆ ಬೇರೆಯೇ ಒಂದು ಗ್ಯಾರಂಟಿ ನಿಧಿಯೂ ಇದೆ. ಆದರೂ ಮಗಳ ಮದುವೆಗೆ ಇಟ್ಟ ಅಷ್ಟೂ ದುಡ್ಡನ್ನು ಒಂದೇ ಕಡೆ ಇಡುವ ಮೊದಲು ಈ ವ್ಯತ್ಯಾಸ ಗೊತ್ತಿರಬೇಕು. ತ್ರಿಶೂರಿನ ಕರುವನ್ನೂರು ಸಹಕಾರಿ ಬ್ಯಾಂಕಿನ ಹಗರಣ 2021ರಲ್ಲಿ ಹೊರಗೆ ಬಂದದ್ದನ್ನು ಎಲ್ಲರೂ ನೋಡಿದ್ದೇವೆ, ಇಟ್ಟ ದುಡ್ಡಿಗೆ ವಯಸ್ಸಾದವರು ಕಾದು ಕಾದು ಸಾಕಾದರು. ನಮ್ಮ ಜಿಲ್ಲೆಯಲ್ಲೂ ಲಾಭ ಕೊಡುತ್ತೇವೆ ಅಂತ ಚಿನ್ನದ ಅಂಗಡಿಯ ಹೆಸರಲ್ಲಿ ಡೆಪಾಸಿಟ್ ತೆಗೆದುಕೊಂಡ ಕೇಸಿನಲ್ಲಿ 2020ರಲ್ಲಿ ಬಂಧನಗಳೇ ಆದವು. ಯಾರಾದರೂ ಡೆಪಾಸಿಟ್ ಕೇಳಿದರೆ ಅವರಿಗೆ ಅನುಮತಿ ಇದೆಯಾ ಅಂತ ರಿಸರ್ವ್ ಬ್ಯಾಂಕಿನ ಸಚೇತ್ ಅನ್ನುವ ಜಾಲತಾಣದಲ್ಲಿ ನೋಡಬಹುದು. ನಂಬಿದವರು ಅಂತ ಕೊಟ್ಟೆವು ಅನ್ನುವ ಮಾತು ಪ್ರತಿ ಸಲ ಕೇಳಿಬರುತ್ತದೆ. ನಂಬಿಕೆ ಇರಲಿ, ರಶೀದಿಯೂ ಇರಲಿ.

ಚಿಟ್ಟಿ ಅಥವಾ ಕುರಿ ಅಂತ ಇಲ್ಲಿ ಕರೆಯುವ ಚೀಟಿ ಫಂಡಿನ ಬಗ್ಗೆ ಒಂದೇ ಮಾತು: ರಾಜ್ಯ ಸರಕಾರದ ಕೆಎಸ್‌ಎಫ್‌ಇ ಕಂಪನಿ 1969ರಿಂದ ನಡೆಸುತ್ತಿರುವ ಹಾಗೆ ನೋಂದಣಿ ಆದ ಚಿಟ್ಟಿಯಾ, ಅಥವಾ ಪರಿಚಯದವರು ಪುಸ್ತಕ ಇಟ್ಟು ನಡೆಸುವುದಾ, ಅದನ್ನು ಮೊದಲು ಕೇಳಿ.

ಜಾಮೀನಿನ ಬಗ್ಗೆ ಮಾತ್ರ ಒಂದು ಮಾತಿನಲ್ಲಿ ಮುಗಿಸಲು ಆಗುವುದಿಲ್ಲ. ನಮ್ಮಲ್ಲಿ ಹುಡುಗಿಗೆ ಸರಕಾರಿ ಕೆಲಸ ಸಿಕ್ಕ ಮೊದಲ ವರ್ಷವೇ ಯಾರೋ ಸಾಲಕ್ಕೋ ಚಿಟ್ಟಿಗೋ ಅವಳ ಸಂಬಳ ಸರ್ಟಿಫಿಕೇಟ್ ಕೇಳಿಕೊಂಡು ಬರುತ್ತಾರೆ. ಸಂಬಂಧಿಕರು, ನೆರೆಕರೆಯವರು, ಇಲ್ಲ ಅನ್ನಲು ಆಗುವುದಿಲ್ಲ. "ಸುಮ್ನೆ ಒಂದು ಸೈನ್ ಹಾಕು, ಕಟ್ಟುವುದು ನಾನಲ್ವಾ" ಅನ್ನುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಅವನನ್ನು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ ಅಂತ ಹೇಳಲು ಬರುವುದಿಲ್ಲ. ಕಂತು ತಪ್ಪಿದರೆ ಅವಳ ಸಿಬಿಲ್ ಸ್ಕೋರೂ, ಅಂದರೆ ಸಾಲ ಸರಿಯಾಗಿ ತೀರಿಸುತ್ತಾರಾ ಅಂತ ನೋಡಿ ಕೊಡುವ ಅಂಕವೂ, ಬೀಳುತ್ತದೆ, ನಾಳೆ ಅವಳು ಮನೆ ಕಟ್ಟಲು ಸಾಲ ಕೇಳುವಾಗ ಇದು ಎದುರು ಬರುತ್ತದೆ. ಕ್ರೆಡಿಟ್ ರಿಪೋರ್ಟ್ ಕೊಡುವ ನಾಲ್ಕು ಕಂಪನಿಗಳಿಂದಲೂ ವರ್ಷಕ್ಕೆ ಒಂದೊಂದು ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ಮದುವೆಯ ನಂತರ ತನ್ನ ಹೆಸರಲ್ಲಿ ಏನೆಲ್ಲ ಸಾಲ ಇದೆ ಅಂತ ಇದರಿಂದಲೇ ತಿಳಿದ ಹೆಂಗಸರಿದ್ದಾರೆ. ತರಗತಿಯಲ್ಲಿ ನಾವು ಇಲ್ಲ ಅನ್ನುವುದನ್ನೇ ಅಭ್ಯಾಸ ಮಾಡಿದೆವು. ಒಬ್ಬಳು ಚಿಕ್ಕಪ್ಪ ಆದಳು, ಇನ್ನೊಬ್ಬಳು ಟೀಚರ್ ಕೆಲಸ ಸಿಕ್ಕ ಹುಡುಗಿ. "ಚಿಕ್ಕಪ್ಪ, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ, ಆದ್ರೆ ಇಷ್ಟು ದುಡ್ಡು ನಾನೇ ಕಟ್ಟಬೇಕಾಗಿ ಬಂದ್ರೆ ನನ್ನಿಂದ ಆಗ್ಲಿಕ್ಕಿಲ್ಲ" ಅಂತ ಹೇಳುವುದಕ್ಕೆ ಅವಳಿಗೆ ನಾಲ್ಕು ಸಲ ಬೇಕಾಯಿತು. ಗಂಟಲು ಕಟ್ಟುತ್ತಿತ್ತು. ಲೆಕ್ಕ ಕಲಿಯುವುದಕ್ಕಿಂತ ಇದು ಕಷ್ಟ ಅಂತ ಅವತ್ತು ನನಗೆ ಗೊತ್ತಾಯಿತು.

ಫೋನಿನ ಮೋಸಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ನಾನು ಇಲ್ಲಿ ಬರೆಯುವುದಿಲ್ಲ. ಆದರೆ ಕಾಲೇಜು ಹುಡುಗ ಹುಡುಗಿಯರ ಖಾತೆಯನ್ನು ಬಾಡಿಗೆಗೆ ಕೇಳುವವರಿದ್ದಾರೆ, ಇದು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ನಿನ್ನ ಖಾತೆಗೆ ದುಡ್ಡು ಬರುತ್ತದೆ, ತೆಗೆದು ಕೊಡು, ಇಷ್ಟು ಕಮಿಷನ್ ಅನ್ನುತ್ತಾರೆ. ಆ ದುಡ್ಡು ಯಾರದ್ದೋ ಮೋಸದ ದುಡ್ಡಾಗಿರುತ್ತದೆ, ಖಾತೆ ಮುಚ್ಚಿಹೋಗುತ್ತದೆ, ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರನ್ನು. ಮೋಸದಲ್ಲಿ ದುಡ್ಡು ಕಳೆದುಕೊಂಡರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮನೆಯಲ್ಲಿ ಬೈಯುತ್ತಾರೆ ಅಂತ ಹುಡುಗಿಯರು ಎರಡು ದಿನ ಮುಚ್ಚಿಡುತ್ತಾರೆ, ಆ ಎರಡು ದಿನದಲ್ಲಿ ದುಡ್ಡು ಕೈಗೆ ಸಿಗದ ಹಾಗೆ ಹೋಗಿಬಿಡುತ್ತದೆ. ಹಾಗಾಗಿ ಈ ಪಾಠದಲ್ಲಿ ಅಪ್ಪ ಅಮ್ಮನಿಗೂ ಒಂದು ಕೆಲಸ ಇದೆ: ಮೊದಲು ಫೋನ್ ಮಾಡಿ, ಬೈಯುವುದನ್ನು ಆಮೇಲೆ ನೋಡೋಣ.

ಯಾವಾಗ ಶುರು ಮಾಡಬೇಕು? ನನ್ನ ಪ್ರಕಾರ ಪ್ಲಸ್ ಟುಗೆ ಬರುವಾಗ ತಡವಾಗಿರುತ್ತದೆ. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಖಾತೆಯನ್ನು ತಾವೇ ತೆರೆದು ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಮತ್ತೆ ಸ್ಪಷ್ಟ ಮಾಡಿದೆ, ಎಷ್ಟು ದುಡ್ಡಿನವರೆಗೆ ಅಂತ ಆಯಾ ಬ್ಯಾಂಕು ನಿರ್ಧಾರ ಮಾಡುತ್ತದೆ. ವಿಷುವಿಗೆ ಸಿಗುವ ಕೈನೀಟ, ಹಬ್ಬದ ದುಡ್ಡು ಇದೆಯಲ್ಲ, ಅದನ್ನು ಮಗಳೇ ಬ್ಯಾಂಕಿಗೆ ಹೋಗಿ ಚಲನ್ ತುಂಬಿ ಕಟ್ಟಲಿ. ಸುಕನ್ಯಾ ಸಮೃದ್ಧಿ ಖಾತೆಯನ್ನು ಎಷ್ಟೋ ಅಪ್ಪಂದಿರು ಪ್ರೀತಿಯಿಂದ ಮಾಡಿಸಿದ್ದಾರೆ. 2015ರಲ್ಲಿ ಬಂದ ಯೋಜನೆ, ಮಗಳಿಗೆ ಹತ್ತು ತುಂಬುವ ಮೊದಲು ತೆರೆಯಬೇಕು, ವರ್ಷಕ್ಕೆ 250ರಿಂದ ಒಂದೂವರೆ ಲಕ್ಷದವರೆಗೆ ಹದಿನೈದು ವರ್ಷ ಕಟ್ಟಬಹುದು, 2024ರ ಜನವರಿಯಿಂದ ಬಡ್ಡಿ 8.2 ಶೇಕಡಾ. ಒಳ್ಳೆಯ ಯೋಜನೆ. ಆದರೆ 18 ತುಂಬಿದ ಮೇಲೆ ಆ ಖಾತೆ ನಡೆಸಬೇಕಾದವಳು ಮಗಳೇ, ಹತ್ತನೇ ಕ್ಲಾಸ್ ಪಾಸಾದ ಮೇಲೆ ಓದಿಗೆ ಅರ್ಧ ದುಡ್ಡು ತೆಗೆಯಬಹುದು, ಇವೆರಡನ್ನೂ ಹೇಳಿದಾಗ ಹುಡುಗಿಯರು ಆಶ್ಚರ್ಯದಿಂದ ನೋಡುತ್ತಾರೆ. "ಅದು ಮದ್ವೆಗೆ ಅಂತ ಅಪ್ಪ ಹೇಳಿದ್ದಾರೆ" ಅನ್ನುತ್ತಾರೆ. ಮದುವೆಗೆ ಬಳಸಬಾರದು ಅಂತ ನಾನು ಹೇಳುವುದಿಲ್ಲ. ಏನಕ್ಕೆ ಅಂತ ಅವಳನ್ನು ಕೇಳಿ ಅಂತ ಹೇಳುತ್ತೇನೆ.

ಒಂದು ಮಾತು ಒಪ್ಪಿಕೊಳ್ಳಬೇಕು. ತಿಳುವಳಿಕೆ ಕೊಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ ಪಡೆಯುವವಳಿಗೆ ಬಜೆಟ್ ಹಾಕುವುದು ಗೊತ್ತಿಲ್ಲ ಅನ್ನುವುದು ತೊಂದರೆ ಅಲ್ಲ, ಕೂಲಿ ಸಾಲದು ಅನ್ನುವುದು ತೊಂದರೆ. ಲೆಕ್ಕ ಗೊತ್ತಿದ್ದರೂ ಎಟಿಎಂ ಕಾರ್ಡು ಅತ್ತೆಯ ಕಪಾಟಿನಲ್ಲಿದ್ದರೆ ಏನು ಮಾಡುವುದು? ಅದಕ್ಕೇ ಈ ಪಾಠ ಹುಡುಗರಿಗೂ ಬೇಕು ಅಂತ ನಾನು ಹಟ ಹಿಡಿದಿದ್ದೇನೆ, ಬಡ್ಡಿಯ ಲೆಕ್ಕ ಒಂದೇ ಅಲ್ಲ, ಹೆಂಡತಿಯ ಚಿನ್ನ ಹೆಂಡತಿಯದ್ದು ಅನ್ನುವುದು ಕೂಡ. ಕುಟುಂಬಶ್ರೀಯಲ್ಲಿ 18ರಿಂದ 40ರೊಳಗಿನವರಿಗೆ ಅಂತ 2021ರಿಂದ ಆಕ್ಸಿಲರಿ ಗುಂಪುಗಳು ಶುರುವಾಗಿವೆ. ಮೊದಲೆಲ್ಲ ಮನೆಗೆ ಒಬ್ಬರು ಸದಸ್ಯೆ ಅಂತ ಅಮ್ಮನೋ ಅತ್ತೆಯೋ ಇರುತ್ತಿದ್ದರು, ಸೊಸೆಗೆ ಜಾಗ ಇರಲಿಲ್ಲ. ಕನ್ನಡದಲ್ಲಿ ಮಿನಿಟ್ಸ್ ಬರೆಯುವ, ಕನ್ನಡದಲ್ಲೇ ಸಾಲದ ಕಾಗದ ಓದಿ ಹೇಳುವ ಇಂಥ ಗುಂಪು ಎಣ್ಮಕಜೆ, ಪೈವಳಿಕೆ, ವರ್ಕಾಡಿಯ ಪ್ರತಿ ವಾರ್ಡಿನಲ್ಲಿ ಒಂದೊಂದು ಆದರೂ ಸಾಕು ಅನ್ನುವುದು ನನ್ನ ಆಸೆ.

ಕಳೆದ ತಿಂಗಳು ನಮ್ಮ ತರಗತಿಯ ಒಬ್ಬಳು ಬಿಎಸ್‌ಸಿ ನರ್ಸಿಂಗ್‌ಗೆ ಮಂಗಳೂರಿನಲ್ಲಿ ಸೀಟು ಸಿಕ್ಕಿ ಎಜುಕೇಶನ್ ಲೋನ್ ಕೇಳಲು ಹೋದಳು. ಹೋಗುವ ಮೊದಲು ನಾವು ಕೂತು ಲೆಕ್ಕ ಹಾಕಿದ್ದೆವು. ನಾಲ್ಕು ವರ್ಷ, ವರ್ಷಕ್ಕೆ ಒಂದೊಂದು ಲಕ್ಷ, 10 ಶೇಕಡಾ ಸರಳಬಡ್ಡಿ ಅಂತ ಇಟ್ಟುಕೊಂಡರೆ, ಓದು ಮುಗಿದು ಇನ್ನೊಂದು ವರ್ಷ ಕಳೆಯುವಾಗ ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಆಮೇಲಿನವಕ್ಕೆ 40, 30, 20 ಸಾವಿರ. ಕಂತು ಶುರುವಾಗುವ ದಿನ ಸಾಲ ನಾಲ್ಕು ಲಕ್ಷ ಆಗಿರುವುದಿಲ್ಲ, 5,40,000 ಆಗಿರುತ್ತದೆ. ಓದುವಾಗ ಏನೂ ಕಟ್ಟಬೇಕಿಲ್ಲ ಅಂದರೆ ಬಡ್ಡಿ ಓಡುವುದಿಲ್ಲ ಅಂತ ಅವಳ ಮನೆಯವರು ತಿಳಿದಿದ್ದರು. ಬ್ಯಾಂಕಿನಲ್ಲಿ ಅವಳು ಕೆಎಫ್‌ಎಸ್ ಕನ್ನಡದಲ್ಲಿ ಬೇಕು ಅಂದಳಂತೆ. ಕನ್ನಡದ್ದು ಇರಲಿಲ್ಲ. ಅಲ್ಲಿನ ಒಬ್ಬರು ಮೇಡಂ ಬೇಸರ ಮಾಡಿಕೊಳ್ಳದೆ ಇಂಗ್ಲಿಷಿನ ಪತ್ರ ಇಟ್ಟುಕೊಂಡು ಅರ್ಧ ಗಂಟೆ ಒಂದೊಂದೇ ಸಾಲು ಮಲಯಾಳದಲ್ಲಿ ವಿವರಿಸಿದರು, ಇವಳು ಅದನ್ನು ಪಕ್ಕದಲ್ಲೇ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಂಡಳು. ಸಹಿ ಅವತ್ತು ಹಾಕಲಿಲ್ಲ. ಕಾಗದ ಮನೆಗೆ ತಂದು ಅಪ್ಪನಿಗೆ ಓದಿ ಹೇಳಿದಳು, ಓದುವಾಗಲೇ ತಿಂಗಳಿಗೆ ಬಡ್ಡಿಯಷ್ಟಾದರೂ ಕಟ್ಟಿಕೊಂಡು ಹೋಗೋಣ ಅಂತ ಇಬ್ಬರೂ ಮಾತಾಡಿಕೊಂಡರು, ಎರಡು ದಿನ ಬಿಟ್ಟು ಹೋಗಿ ಸಹಿ ಹಾಕಿದಳು. ಖಾತೆಯ ಫೋನ್ ನಂಬರ್ ಬದಲಾಯಿಸುವ ಫಾರಂ ಕೂಡ ಅವತ್ತೇ ಕೊಟ್ಟು ಬಂದಿದ್ದಾಳೆ. ಪೆನ್ಸಿಲಿನಲ್ಲಿ ಬರೆದ ಆ ಕಾಗದದ ಜೆರಾಕ್ಸ್ ಹತ್ತು ಪ್ರತಿ ಮಾಡಿ ಬರುವ ಶನಿವಾರ ತರುತ್ತೇನೆ ಅಂದಿದ್ದಾಳೆ.